ಪರದೇಶದ ಅರ್ಜಿಯೂ ನೆರೆನಾಡಿನ ಬಾಗಿಲೂ

ನಮ್ಮ ಗಡಿಸೀಮೆಯ ಕನ್ನಡ ಸಭೆಗಳಲ್ಲಿ ಈಚೆಗೆ ಒಂದು ಮಾತು ಪಲ್ಲವಿಯಂತೆ ಕೇಳಿಬರುತ್ತಿದೆ. ಕನ್ನಡ ಶಾಲೆಯ ತರುಣ ಉಪಾಧ್ಯಾಯರಿಗೆ ಪರದೇಶದ ಹುಚ್ಚು ಹಿಡಿದಿದೆಯೆಂದೂ, ಪಾಠದ ಟಿಪ್ಪಣಿ ಬರೆಯಬೇಕಾದ ಕೈಗಳು ಸಂಬಳದ ಆಸೆಯಿಂದ ಮಾಲ್ಡೀವಿಗೂ ಭೂತಾನಕ್ಕೂ ಕೊಲ್ಲಿಯ ದೇಶಗಳಿಗೂ ಅರ್ಜಿ ಬರೆಯುತ್ತಿವೆಯೆಂದೂ, ಹೀಗಾದರೆ ರಾಯದುರ್ಗ ಮಡಕಶಿರಗಳಲ್ಲಿ ಕನ್ನಡದ ದೀಪಕ್ಕೆ ಎಣ್ಣೆ ಹೊಯ್ಯುವವರು ಯಾರೆಂದೂ ಹಿರಿಯರು ವೇದಿಕೆಯ ಮೇಲಿನಿಂದ ಕೇಳುತ್ತಾರೆ. ಸಭಿಕರು ತಲೆದೂಗಿ ಚಪ್ಪಾಳೆ ತಟ್ಟುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ ಉಪಾಧ್ಯಾಯರಾದ ನಾವು ತಲೆ ತಗ್ಗಿಸುತ್ತೇವೆ. ಇನ್ನು ತಗ್ಗಿಸಲಾರೆವು. ಈ ಆರೋಪವು ಸಂಗತಿಯಲ್ಲಿ ತಪ್ಪು, ನ್ಯಾಯದಲ್ಲಿ ಅದಕ್ಕಿಂತಲೂ ತಪ್ಪು ಎಂಬುದು ನಮ್ಮ ವಾದ. ಹಿರಿಯರ ಮೇಲಿನ ಗೌರವಕ್ಕೆ ಕುಂದು ಬಾರದಂತೆ, ಆದರೆ ಮಾತನ್ನು ಮರೆಮಾಚದೆ, ಇಲ್ಲಿ ಬರೆಯುತ್ತೇವೆ.

ಮೊದಲು ಸಂಗತಿಯನ್ನು ನೋಡೋಣ. ನಾವು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಇಂಟರ್ಮೀಡಿಯೆಟ್ ಮುಗಿಸಿ, ಎರಡು ವರ್ಷ ತರಬೇತು ಪಡೆದು, ಹಿಂದೆ ಟಿ.ಟಿ.ಸಿ. ಎಂದು ಕರೆಯುತ್ತಿದ್ದು ಆಮೇಲೆ ಡಿ.ಎಡ್. ಎಂದಾದ ಪತ್ರವನ್ನು ಕೈಯಲ್ಲಿ ಹಿಡಿದವರು. ಕೂಡುವುದು, ಕಳೆಯುವುದು, ಒತ್ತಕ್ಷರ, ಕಾಗುಣಿತ, ಊರ ಕೆರೆಯ ನಕ್ಷೆ ಇವನ್ನು ಆರು ವರ್ಷದ ಮಗುವಿನ ಮನಸ್ಸಿಗೆ ಇಳಿಸುವುದು ನಮ್ಮ ವಿದ್ಯೆ. ಮಗು ಮನೆಯಲ್ಲಿ ಆಡುವ ಮಾತಿನಲ್ಲಿಯೇ ಇಳಿಸುವುದು ಅದರ ಮರ್ಮ. ಇಂಥ ವಿದ್ಯೆಗೆ ಕಡಲಾಚೆ ಎಷ್ಟು ಬೆಲೆಯಿದೆಯೆಂದು ತಿಳಿಯಬೇಕಾದರೆ, ಹಳಿಯುವವರು ಒಂದು ಸಲ ಆ ಅರ್ಜಿಯ ನಮೂನೆಯನ್ನಾದರೂ ಕಣ್ಣಿಟ್ಟು ಓದಬೇಕು.

ಇಂಗ್ಲೆಂಡು ೨೦೨೩ರ ಫೆಬ್ರವರಿಯಿಂದ ಭಾರತವೂ ಸೇರಿದಂತೆ ಇನ್ನೂ ಕೆಲವು ದೇಶಗಳ ಉಪಾಧ್ಯಾಯರಿಗೆ ತನ್ನ ಅರ್ಹತಾಪತ್ರದ ದಾರಿಯನ್ನು ತೆರೆಯಿತು. ಪತ್ರಿಕೆಗಳಲ್ಲಿ ಇದು ಬಂದಾಗ ನಮ್ಮ ಗೆಳೆಯರಲ್ಲಿ ಎಂಥ ಉತ್ಸಾಹ! ಆದರೆ ಷರತ್ತು ಏನು? ಪದವಿ ಇರಬೇಕು, ಮತ್ತು ಗಣಿತ, ವಿಜ್ಞಾನ ಅಥವಾ ಭಾಷೆಗಳನ್ನು ೧೧ರಿಂದ ೧೬ ವರ್ಷದ ಮಕ್ಕಳಿಗೆ ಕಲಿಸುವ ಅರ್ಹತೆ ಪಡೆದವರಾಗಿರಬೇಕು. ಒಂದನೆಯ ತರಗತಿಯ ಮೇಷ್ಟರಿಗೆ ಅಲ್ಲಿ ಸ್ಥಳವಿಲ್ಲ. ಭಾರತ ಸರಕಾರದ್ದೇ ಆದ ಎಡ್‌ಸಿಲ್ ಸಂಸ್ಥೆಯು ೨೦೨೪ರಲ್ಲಿ ಭೂತಾನಕ್ಕೆ ಉಪಾಧ್ಯಾಯರನ್ನು ಕರೆದಾಗ ಕೇಳಿದುದು ಭೌತಶಾಸ್ತ್ರ, ರಸಾಯನ, ಗಣಿತ, ಕಂಪ್ಯೂಟರು ಕಲಿಸಬಲ್ಲ ಸ್ನಾತಕೋತ್ತರ ಪದವೀಧರರನ್ನು. (ಭೂತಾನದವರಿಗೆ ಉಪಾಧ್ಯಾಯರ ಕೊರತೆ ಬಂದುದೂ ಒಂದು ಪಾಠವೇ. ಅಲ್ಲಿಯ ಉಪಾಧ್ಯಾಯರು ಗುಂಪುಗುಂಪಾಗಿ ಆಸ್ಟ್ರೇಲಿಯಾಕ್ಕೆ ಹೊರಟುದರಿಂದ ಅಲ್ಲಿ ಕುರ್ಚಿಗಳು ಬರಿದಾದವು. ಒಬ್ಬರ ಪರದೇಶವು ಮತ್ತೊಬ್ಬರಿಗೆ ಬಿಟ್ಟು ಹೋಗಬೇಕಾದ ಸ್ವದೇಶ.) ಕೊಲ್ಲಿಯ ದೇಶಗಳಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಬಹಳ ಇವೆ. ಅಲ್ಲಿ ಕೇಳುವುದು ಪದವಿ, ಬಿ.ಎಡ್., ಮತ್ತು ತಡವರಿಸದ ಇಂಗ್ಲಿಷು.

ಹಿಂದಿನ ಕಾಲದಲ್ಲಿಯೂ ಹೀಗೆಯೇ ಇದ್ದಿತು. ಹೈಲೆ ಸೆಲಾಸಿ ಚಕ್ರವರ್ತಿಯ ಇಥಿಯೋಪಿಯಕ್ಕೆ, ೧೯೭೪ರ ಕ್ರಾಂತಿಗೆ ಮೊದಲು, ಭಾರತೀಯ ಉಪಾಧ್ಯಾಯರು ಸಾವಿರಗಟ್ಟಲೆ ಹೋದರು. ಎಣ್ಣೆಯ ಹಣ ಕಂಡ ನೈಜೀರಿಯವು ೧೯೭೬ರಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣವೆಂದು ಸಾರಿ ಶಾಲೆಗಳನ್ನು ಹೆಚ್ಚಿಸಿದಾಗ ಅಲ್ಲಿಗೂ ಹೋದರು. ಹೋದವರು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಪಾಠ ಹೇಳಬಲ್ಲ ಪದವೀಧರರು. ಕನ್ನಡದಲ್ಲಿ ತರಬೇತು ಪಡೆದು ಕನ್ನಡದಲ್ಲಿಯೇ ಪಾಠ ಹೇಳುವವರಿಗೆ ಆ ಹಡಗಿನಲ್ಲಿ ಎಂದೂ ಸ್ಥಳವಿರಲಿಲ್ಲ.

ಇದಕ್ಕೆ ಒಂದು ಆಳವಾದ ಕಾರಣವಿದೆ. ಹಿರಿಯರು ಇದನ್ನು ಯೋಚಿಸಿದಂತೆ ಕಾಣುವುದಿಲ್ಲವಾದುದರಿಂದ ಸ್ವಲ್ಪ ನಿಂತು ಹೇಳುತ್ತೇವೆ. ಮಾರಿಷಸ್ ದ್ವೀಪದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹಿಂದಿ, ಉರ್ದು, ತಮಿಳುಗಳಲ್ಲದೆ ತೆಲುಗನ್ನೂ ಮರಾಠಿಯನ್ನೂ ಕಲಿಸುತ್ತಾರೆ. ಮಲೇಷಿಯದಲ್ಲಿ ೫೦೦ಕ್ಕೂ ಮಿಕ್ಕಿ ತಮಿಳು ಪ್ರಾಥಮಿಕ ಶಾಲೆಗಳಿವೆ. ಸಿಂಗಪುರದಲ್ಲಿ ತಮಿಳು ರಾಜ್ಯಭಾಷೆಗಳಲ್ಲೊಂದು. ಅದೂ ಅಲ್ಲದೆ ಅಲ್ಲಿ ಶಾಲೆಯ ಮಕ್ಕಳು ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದುಗಳನ್ನು ತಾಯ್ನುಡಿಯ ಸ್ಥಾನದಲ್ಲಿ ಓದಬಹುದು. ಈ ಯಾವ ಪಟ್ಟಿಯಲ್ಲಿಯೂ ಕನ್ನಡವಿಲ್ಲ. ಕನ್ನಡವು ಕೀಳೆಂದೇನೂ ಅಲ್ಲ. ೧೮೩೪ರ ಬಳಿಕ ಕಬ್ಬಿನ ತೋಟಗಳಿಗೆ ಕೂಲಿಯಾಳುಗಳನ್ನು ಹೊತ್ತ ಹಡಗುಗಳು ಕಲ್ಕತ್ತೆ, ಮದರಾಸು, ಮುಂಬಯಿ ಮೊದಲಾದ ರೇವುಗಳಿಂದ ಹೊರಟವು. ಕಾಕಿನಾಡದ ಬಳಿಯ ಕೋರಂಗಿಯಿಂದ ಹೋದ ತೆಲುಗರನ್ನು ಮಾರಿಷಸ್ಸಿನಲ್ಲಿ ಆ ರೇವಿನ ಹೆಸರಿನಿಂದಲೇ ಕರೆದರು. ಅವರ ಬೆವರಿನ ಹಿಂದೆ ಅವರ ಭಾಷೆ ಹೋಯಿತು, ಭಾಷೆಯ ಹಿಂದೆ ಶಾಲೆ ಬಂದಿತು. ಒಳನಾಡಿನ ಕನ್ನಡಿಗನು ಆ ಹಡಗು ಹತ್ತಿದುದು ಕಡಿಮೆ. ಆ ದುಃಖದಿಂದ ತಪ್ಪಿಸಿಕೊಂಡುದು ನಮ್ಮ ಪುಣ್ಯವೇ ಸರಿ. ಆದರೆ ಆ ಪುಣ್ಯದ ಫಲವಾಗಿ, ಹೊರದೇಶದ ಸರಕಾರಿ ಶಾಲೆಯಲ್ಲಿ ‘ಕನ್ನಡದ ಮೇಷ್ಟರು ಬೇಕು’ ಎಂಬ ಜಾಹೀರಾತನ್ನು ನಾವು ಕಂಡಿಲ್ಲ. ತಮಿಳು ತೆಲುಗುಗಳ ಆ ಹುದ್ದೆಗಳೂ ಬಹುಮಟ್ಟಿಗೆ ಆಯಾ ದೇಶದ ಪ್ರಜೆಗಳಿಗೇ ಸಲ್ಲುತ್ತವೆಯೆಂಬುದನ್ನೂ ಹೇಳಬೇಕು. ಆದರೂ ಭಾಷೆಗೆ ಒಂದು ಮನೆಯಿರುವುದಕ್ಕೂ ಇಲ್ಲದಿರುವುದಕ್ಕೂ ಅಂತರವಿದೆ. ಅಮೆರಿಕದಲ್ಲಿಯೂ ದುಬಾಯಿಯಲ್ಲಿಯೂ ಕನ್ನಡ ಕೂಟದವರು ವಾರದ ಕೊನೆಯಲ್ಲಿ ಮಕ್ಕಳಿಗೆ ಅ ಆ ಇ ಈ ತಿದ್ದಿಸುತ್ತಾರೆ. ಶ್ಲಾಘ್ಯವಾದ ಕೆಲಸ. ಅದನ್ನು ಮಾಡುವವರು ಎಂಜಿನಿಯರರು, ವೈದ್ಯರು, ಗೃಹಿಣಿಯರು. ಸೇವೆಯೆಂದು ಮಾಡುತ್ತಾರೆ, ಸಂಬಳಕ್ಕಲ್ಲ. ಅಲ್ಲಿಗೆ ನಮ್ಮಂಥ ತರಬೇತಾದವರನ್ನು ಕರೆಯುವವರಿಲ್ಲ.

ಆದುದರಿಂದ ಕನ್ನಡ ಮಾಧ್ಯಮದ ಪ್ರಾಥಮಿಕ ಉಪಾಧ್ಯಾಯನು ಪರದೇಶಕ್ಕೆ ಹೋಗಬೇಕಾದರೆ ಮೊದಲು ತನ್ನ ವಿದ್ಯೆಯನ್ನೇ ಬಿಟ್ಟು ಹೋಗಬೇಕು. ಹಾಗೆ ಬಿಟ್ಟು ಹೋದವರನ್ನು ಎಣಿಸಲು ಎರಡು ಕೈಬೆರಳುಗಳು ಬೇಕಾಗವು. ಉಳಿದವರು ಬರೆದುದು ಅರ್ಜಿಯಷ್ಟೆ. ಆ ಅರ್ಜಿಯ ಹಿಂದೆ ಇರುವ ಓಡಾಟವನ್ನು ಬಲ್ಲವರು ಅದನ್ನು ಭೋಗಲಾಲಸೆಯೆಂದು ಕರೆಯಲಾರರು. ಸರಕಾರಿ ನೌಕರನಾದರೆ ಪಾಸ್‌ಪೋರ್ಟಿಗೆ ಮೇಲಧಿಕಾರಿಯ ನಿರಾಕ್ಷೇಪಣಾ ಪತ್ರವನ್ನು ತರಬೇಕು, ಇಲ್ಲವೆ ಇಲಾಖೆಗೆ ಮುನ್ಸೂಚನೆಯನ್ನಾದರೂ ಕೊಟ್ಟಿರಬೇಕು. ಕನ್ನಡದಲ್ಲಿರುವ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸಿ ನೋಟರಿಯ ಮುದ್ರೆ ಹಾಕಿಸಬೇಕು. ತರಬೇತಿನ ಪತ್ರಕ್ಕೆ ರಾಜ್ಯದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಹೋಗುವ ದೇಶವು ಹೇಗ್ ಒಪ್ಪಂದಕ್ಕೆ ಸೇರಿದುದಾದರೆ ಅಪೋಸ್ಟಿಲ್ ಎಂಬ ಚೀಟಿಯೊಂದೇ ಸಾಕು (ಭಾರತವು ೨೦೦೫ರಲ್ಲಿ ಇದಕ್ಕೆ ಸೇರಿತು). ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಬಾಗಿಲನ್ನೂ ಕಾಯಬೇಕು. ಕಣೇಕಲ್ಲಿನಿಂದಲೋ ಗುಮ್ಮಘಟ್ಟದಿಂದಲೋ ಹೊರಟವನು ಇಷ್ಟೆಲ್ಲ ಮಾಡಿ ಮುಗಿಸುವ ಹೊತ್ತಿಗೆ ರಜೆಯೂ ಮುಗಿದಿರುತ್ತದೆ, ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ.

ಇಲ್ಲಿಯೇ ದಲ್ಲಾಳಿಯು ಬರುತ್ತಾನೆ. ನಮ್ಮ ಗೆಳೆಯರೊಬ್ಬರು ಊರೊಂದರ ದಲ್ಲಾಳಿಗೆ ಹೆಂಡತಿಯ ಒಡವೆ ಒತ್ತೆಯಿಟ್ಟು ಹಣ ಕಳುಹಿಸಿದರು. ಕೆಲಸವೂ ಬರಲಿಲ್ಲ, ಹಣವೂ ಬರಲಿಲ್ಲ, ಕೊನೆಗೆ ದಲ್ಲಾಳಿಯ ಫೋನೂ ಬರಲಿಲ್ಲ. ಹೆಸರು ಬೇಡ. ಆದರೆ ಕಾನೂನು ಏನು ಹೇಳಿದೆಯೆಂಬುದನ್ನು ಎಲ್ಲರೂ ತಿಳಿದಿರಲಿ: ೧೯೮೩ರ ವಲಸೆ ಕಾಯಿದೆಯು, ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವ ದಲ್ಲಾಳಿಯು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕೆಂದು ವಿಧಿಸಿತು, ಅವನು ಪಡೆಯಬಹುದಾದ ಶುಲ್ಕಕ್ಕೆ ನಿಯಮಗಳು ೩೦,೦೦೦ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂಬ ಮಿತಿಯನ್ನು ಹಾಕಿದವು. ಆದುದರಿಂದ ಲಕ್ಷಗಳನ್ನು ಕೇಳುವವನ ಮುಂದೆ ಮೊದಲು ನೋಂದಣಿಯ ಸಂಖ್ಯೆಯನ್ನು ಕೇಳಿರಿ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಹತ್ತನೆಯ ತರಗತಿ ಪಾಸಾದವನಿಗೆ ವಲಸೆಯ ಅನುಮತಿ ಬೇಡವೆಂದು ಪಾಸ್‌ಪೋರ್ಟಿನ ನಿಯಮ. ಓದಿದವನು ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲನೆಂಬುದು ಇದರ ತರ್ಕವಿರಬೇಕು. ಹೀಗಾಗಿ ಗಾರೆ ಕೆಲಸದವನ ಕರಾರನ್ನು ಸರಕಾರದ ಅಧಿಕಾರಿಯೊಬ್ಬನು ನೋಡುತ್ತಾನೆ. ಮೇಷ್ಟರ ಕರಾರನ್ನು ಮೇಷ್ಟರೇ ನೋಡಿಕೊಳ್ಳಬೇಕು. ಮಕ್ಕಳ ಕಾಪಿಯನ್ನು ತಿದ್ದಿ ಅಭ್ಯಾಸವಾದವರು ದಲ್ಲಾಳಿಯ ಇಂಗ್ಲಿಷು ಕರಾರಿನ ಸಣ್ಣಕ್ಷರದಲ್ಲಿ ಸೋಲುತ್ತಾರೆ.

ಇಷ್ಟು ಕಷ್ಟವಿದ್ದೂ ಏತಕ್ಕೆ ಬರೆಯುತ್ತಾರೆ? ಇದೇ ನಿಜವಾದ ಪ್ರಶ್ನೆ. ಹಿರಿಯರು ಇದನ್ನು ಕೇಳಲಿಲ್ಲ. ನಾವು ಉತ್ತರಿಸುತ್ತೇವೆ: ಮೊದಲಿನ ಅರ್ಜಿ ತಿರಸ್ಕೃತವಾದುದರಿಂದ. ನಮ್ಮ ಮೊದಲಿನ ಅರ್ಜಿ ಮಾಲ್ಡೀವಿಗೆ ಅಲ್ಲ. ಬಳ್ಳಾರಿಗೆ.

ವಾಚಕ ಮಹಾಶಯರು ನಗಬಹುದು. ರಾಯದುರ್ಗಕ್ಕೂ ಬಳ್ಳಾರಿಗೂ ಸುಮಾರು ೫೦ ಕಿಲೋಮೀಟರು; ಡಿ. ಹೀರೇಹಾಳಿನವರಿಗೆ ಇನ್ನೂ ಸಮೀಪ. ಮಡಕಶಿರದ ನಕ್ಷೆಯನ್ನು ನೋಡಿದರೆ ಅದು ಕರ್ನಾಟಕದೊಳಗೆ ಚಾಚಿದ ಬೆರಳು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಯವರು ಸಂತೆಗೆ ಸಿರಾ, ಮಧುಗಿರಿಗಳಿಗೆ ಹೋಗುವವರು. ಅಮರಾಪುರದ ಪಕ್ಕದ ಹೇಮಾವತಿಯೇ ನೊಳಂಬರ ಹೆಂಜೇರು. ಅಲ್ಲಿಯ ಕಲ್ಲುಗಳು ಕನ್ನಡದಲ್ಲಿ ಮಾತಾಡುತ್ತವೆ. ಇಂಥ ನಾವು ೧೯೫೩ರ ಅಕ್ಟೋಬರ್ ೧ರ ವರೆಗೆ ಯಾರು? ರಾಯದುರ್ಗ ತಾಲ್ಲೂಕು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯ ಒಂದು ಅಂಗ. ಆ ದಿನ ಆಂಧ್ರ ರಾಜ್ಯವು ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು, ಉಳಿದ ಭಾಗ ಮೈಸೂರಿಗೆ ಸೇರಿತು. ಆದವಾನಿ ಆಲೂರುಗಳು ಕರ್ನೂಲಿಗೆ, ರಾಯದುರ್ಗವು ಅನಂತಪುರಕ್ಕೆ. ನಮ್ಮ ಅಜ್ಜಂದಿರು ಹುಟ್ಟಿದುದು ಬಳ್ಳಾರಿ ಜಿಲ್ಲೆಯಲ್ಲಿ, ಬೆಳೆದುದು ಅನಂತಪುರ ಜಿಲ್ಲೆಯಲ್ಲಿ. ಒಂದು ದಿನವೂ ಮನೆ ಬದಲಾಯಿಸಿದವರಲ್ಲ.

ಈಗ ಅವರ ಮೊಮ್ಮಗನು ಕನ್ನಡದಲ್ಲಿ ಓದಿ, ಕನ್ನಡದಲ್ಲಿ ತರಬೇತು ಪಡೆದು, ಬಳ್ಳಾರಿ ಜಿಲ್ಲೆಯ ಕನ್ನಡ ಶಾಲೆಯ ಕೆಲಸಕ್ಕೆ ಅರ್ಜಿ ಹಾಕುತ್ತಾನೆ. ಸಂವಿಧಾನಕ್ಕೆ ೨೦೧೨ರ ೯೮ನೆಯ ತಿದ್ದುಪಡಿಯಿಂದ ಬಂದ ೩೭೧ ಜೆ ವಿಧಿಯು, ಆ ಪ್ರದೇಶಕ್ಕೆ ‘ಹುಟ್ಟಿನಿಂದ ಅಥವಾ ವಾಸದಿಂದ’ ಸೇರಿದವರಿಗೆ ಅಲ್ಲಿಯ ಹುದ್ದೆಗಳಲ್ಲಿ ಪಾಲನ್ನು ಮೀಸಲಿಡಲು ಅವಕಾಶ ಕೊಟ್ಟಿತು. ಹೈದರಾಬಾದ್ ಕರ್ನಾಟಕಕ್ಕೆಂದು ಬಂದ ಈ ಸೌಕರ್ಯಕ್ಕೆ ಬಳ್ಳಾರಿಯನ್ನೂ ಸೇರಿಸಿದರು. ಬಳ್ಳಾರಿಯು ೧೮೦೦ರಿಂದಲೇ ಕಂಪನಿಯ, ಅನಂತರ ಮದರಾಸಿನ ಆಳ್ವಿಕೆಯಲ್ಲಿದ್ದ ಸೀಮೆ. ಸೇರಿಸಿದುದು ಸರಿಯೆ, ಹಿಂದುಳಿದವರಿಗೆ ಕೈಹಿಡಿಯುವುದನ್ನು ನಾವು ಆಕ್ಷೇಪಿಸುವವರಲ್ಲ. ಆದರೆ ಅದೇ ಜಿಲ್ಲೆಯಿಂದ ಕತ್ತರಿಸಿ ಎಸೆದ ತುಂಡಿನ ಮಗನಿಗೆ ಆ ಬಾಗಿಲಲ್ಲಿ ‘ನೀನು ಹೊರಗಿನವನು’ ಎಂಬ ಉತ್ತರ ದೊರೆತರೆ, ಕತ್ತರಿಸಿದ ಕೈ ಯಾವುದೆಂದು ಕೇಳುವ ಹಕ್ಕು ನಮಗಿದೆಯಷ್ಟೆ?

ಜಾತಿಯ ಕಲಮಿಗೆ ಬಂದರೆ ಇನ್ನೂ ವಿಚಿತ್ರ. ಕರ್ನಾಟಕದಲ್ಲಿ ನಾಯಕರು, ಬೇಡರು, ವಾಲ್ಮೀಕಿಗಳು ಪರಿಶಿಷ್ಟ ಪಂಗಡ. ಅದೇ ಬಳಗದ ನಮ್ಮ ಬೋಯರು, ಆಂಧ್ರದ ಬಯಲುಸೀಮೆಯಲ್ಲಿ ಹಿಂದುಳಿದ ವರ್ಗ. ಗಡಿಯ ಆಚೆಗೆ ಹೆಣ್ಣು ಕೊಟ್ಟು ಈಚೆಗೆ ತಂದುಕೊಳ್ಳುವ ಒಂದೇ ಮನೆಯವರು. ಒಂದು ರಾಜ್ಯದ ಮೀಸಲಾತಿಯನ್ನು ಇನ್ನೊಂದು ರಾಜ್ಯದಲ್ಲಿ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು ೧೯೯೦ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಗಡಿ ದಾಟಿದೊಡನೆ ನಮ್ಮ ಬೋಯರ ಹುಡುಗನಾಗಲಿ ಮಾದಿಗರ ಹುಡುಗಿಯಾಗಲಿ ಸಾಮಾನ್ಯ ವರ್ಗದಲ್ಲಿ ನಿಲ್ಲಬೇಕು. ಪರದೇಶವೆಂದರೆ ಇನ್ನೇನು? ಭಾಷೆ ಒಂದಾಗಿದ್ದೂ ಹಕ್ಕು ಬೇರೆಯಾದ ಸ್ಥಳವೇ ಪರದೇಶ.

ಹಾಗಾದರೆ ಆಂಧ್ರದಲ್ಲಿ ನಾವು ಸ್ವದೇಶಿಗಳೆ? ಸಂವಿಧಾನದ ೩೭೧ ಡಿ ವಿಧಿಯ ಪ್ರಕಾರ ೧೯೭೫ರಲ್ಲಿ ಹೊರಟ ರಾಷ್ಟ್ರಪತಿಗಳ ಆಜ್ಞೆಯು ಜಿಲ್ಲಾ ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ ೮೦ನ್ನು ಸ್ಥಳೀಯರಿಗೆ ಇರಿಸಿತು; ಸ್ಥಳೀಯನಾರೆಂಬುದನ್ನು ಮುಖ್ಯವಾಗಿ ಎಲ್ಲಿ ಎಷ್ಟು ವರ್ಷ ಓದಿದನೆಂಬುದರ ಮೇಲೆ ನಿರ್ಣಯಿಸಿತು. ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆ ಇಲ್ಲದುದರಿಂದ ಚಿಕ್ಕಂದಿನಲ್ಲೇ ಮಗನನ್ನು ಬಳ್ಳಾರಿಯ ನೆಂಟರ ಮನೆಯಲ್ಲಿಟ್ಟು ಓದಿಸಿದ ತಂದೆ ಮಾಡಿದ ತಪ್ಪೇನು? ಆ ಹುಡುಗನು ಅಲ್ಲಿ ಹುಟ್ಟಿದವನಲ್ಲವೆಂದು ಹೊರಗಿನವನು; ಇಲ್ಲಿ ಓದಿದವನಲ್ಲವೆಂದು ಹೊರಗಿನವನು. ಅತ್ತ ದರಿ, ಇತ್ತ ಪುಲಿ. ಅರ್ಹತಾ ಪರೀಕ್ಷೆಯೂ ಹಾಗೆಯೇ. ಆಂಧ್ರದ ಟೆಟ್ ಬೇರೆ, ಕರ್ನಾಟಕದ ಟೆಟ್ ಬೇರೆ. ಆಂಧ್ರದ ಪರೀಕ್ಷೆಯಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಕೊಳ್ಳಬಹುದೆಂಬುದು ನಿಜ. ಅಷ್ಟಕ್ಕೆ ನಾವು ಕೃತಜ್ಞರು. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಡಿ.ಎಸ್.ಸಿ.ಯ ಪ್ರಕಟಣೆಗೆ ಕಾಯಬೇಕು. ೨೦೧೮ರ ಡಿ.ಎಸ್.ಸಿ. ಆದ ಮೇಲೆ ದೊಡ್ಡ ನೇಮಕವು ನಡೆದುದು ೨೦೨೫ರಲ್ಲಿ, ೧೬,೩೪೭ ಹುದ್ದೆಗಳಿಗೆ. ನಡುವೆ ಏಳು ವರ್ಷ. ಇಪ್ಪತ್ತಾರರಲ್ಲಿ ಅರ್ಜಿ ಹಿಡಿದು ನಿಂತವನು ಮೂವತ್ತಮೂರಕ್ಕೆ ಬಂದನು. ಈ ನಡುವೆ ಅವನು ಖಾಸಗಿ ಶಾಲೆಯಲ್ಲಿ ದುಡಿದನು, ರಾಯದುರ್ಗದ ಸಿದ್ಧ ಉಡುಪಿನ ಕಾರಖಾನೆಯಲ್ಲಿ ಲೆಕ್ಕ ಬರೆದನು, ಮದುವೆಯಾದನು, ಮಕ್ಕಳ ತಂದೆಯಾದನು. ಇಂಥವನು ಒಂದು ರಾತ್ರಿ ಮೊಬೈಲಿನಲ್ಲಿ ಮಾಲ್ಡೀವಿನ ಜಾಹೀರಾತನ್ನು ನೋಡಿದರೆ ಅದು ಭಾಷಾದ್ರೋಹವೆ?

ಕೆಲಸ ಸಿಕ್ಕವರ ಭವಿಷ್ಯವೂ ಭದ್ರವೆಂದು ತಿಳಿಯಬಾರದು. ೨೦೧೯ರ ನವೆಂಬರಿನಲ್ಲಿ ಆಂಧ್ರ ಸರಕಾರವು ೮೧ನೆಯ ಸಂಖ್ಯೆಯ ಆಜ್ಞೆಯನ್ನು ಹೊರಡಿಸಿ ಸರಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷು ಮಾಧ್ಯಮಕ್ಕೆ ತಿರುಗಿಸಹೊರಟಿತು. ತೆಲುಗು ಅಥವಾ ಉರ್ದುವನ್ನು ಒಂದು ವಿಷಯವಾಗಿ ಕಡ್ಡಾಯ ಕಲಿಸಬೇಕೆಂದು ಅದರಲ್ಲಿ ಬರೆದಿತ್ತು. ತೆಲುಗು ಅಥವಾ ಉರ್ದು. ನಮ್ಮ ಹೆಸರೇ ಇಲ್ಲ! ೨೦೨೦ರ ಏಪ್ರಿಲ್ ೧೫ರಂದು ಹೈಕೋರ್ಟು ಆ ಆಜ್ಞೆಯನ್ನು ರದ್ದುಗೊಳಿಸಿತು. ಆ ಹೋರಾಟದಲ್ಲಿ ತೆಲುಗಿಗಾಗಿ ವಾದಿಸಿದವರ ಬೆನ್ನ ಹಿಂದೆ ನಾವು ಬದುಕಿಕೊಂಡೆವೆಂಬುದನ್ನು ಒಪ್ಪಿಕೊಳ್ಳಬೇಕು. ಸಂವಿಧಾನದ ೩೫೦ ಎ ವಿಧಿ, ೧೯೫೬ರಲ್ಲಿ ಬಂದುದು, ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಪ್ರತಿಯೊಂದು ರಾಜ್ಯಕ್ಕೂ ಹೇಳುತ್ತದೆ. ಅದನ್ನು ನೋಡಿಕೊಳ್ಳಲು ಅದರ ಮುಂದಿನ ವಿಧಿಯಲ್ಲಿಯೇ ಒಬ್ಬ ವಿಶೇಷಾಧಿಕಾರಿಯೂ ಇದ್ದಾನೆ. ನಮ್ಮ ಸಂಘವು ಆ ಅಧಿಕಾರಿಗೆ ಒಂದು ಮನವಿಯನ್ನಾದರೂ ಕಳುಹಿಸಿದ ನೆನಪು ನಮಗಿಲ್ಲ. ಇದಾದ ಮೇಲೆ ೨೦೨೫ರ ಸೆಪ್ಟೆಂಬರ್ ೧ರಂದು ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿಯುಳ್ಳ ಸೇವಾನಿರತ ಉಪಾಧ್ಯಾಯರೂ ಟೆಟ್ ಪಾಸು ಮಾಡಬೇಕೆಂದು ತೀರ್ಪಿತ್ತಿತು. ಇಪ್ಪತ್ತು ವರ್ಷ ಮಗ್ಗಿ ಹೇಳಿಸಿದ ನಮ್ಮ ಹಿರಿಯ ಸಹೋದ್ಯೋಗಿಗಳು ಹೀಗೆ ಮತ್ತೆ ಪರೀಕ್ಷೆಯ ಪುಸ್ತಕವನ್ನು ಹಿಡಿಯಬೇಕಾಯಿತು. ತೀರ್ಪಿನ ಗುಣದೋಷ ಬೇರೆ ಮಾತು. ಕನ್ನಡದಲ್ಲಿ ಆ ಪರೀಕ್ಷೆಗೆ ಒಳ್ಳೆಯ ಕೈಪಿಡಿ ಎಲ್ಲಿದೆ ಎಂಬುದು ನಮ್ಮ ಮಾತು.

ಎಲ್ಲೆಯನ್ನು ಹೀಗೆ ಮುಳ್ಳುಬೇಲಿ ಮಾಡದಿದ್ದ ಕಾಲವೊಂದಿತ್ತು. ನಮ್ಮ ಅನಂತಪ��ರ ಜಿಲ್ಲೆಯ ಕಂಬದೂರಿನ ಬಳಿಯ ರಾಳ್ಳಪಲ್ಲಿಯಲ್ಲಿ ೧೮೯೩ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ೧೯೧೨ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಂಡಿತರಾದರು. ಕನ್ನಡ ದೊರೆಯ ರಾಜಧಾನಿ, ಕನ್ನಡ ಮಕ್ಕಳು ಓದುವ ಕಾಲೇಜು. ಅಲ್ಲಿ ಮದರಾಸು ಪ್ರಾಂತದಿಂದ ಬಂದ ತೆಲುಗು ಉಪಾಧ್ಯಾಯರು. ೧೯೪೯ರ ವರೆಗೆ ಅಲ್ಲಿಯೇ ಪಾಠ ಹೇಳಿದರು. ಮುಂದೆ ತಿರುಪತಿಗೆ ಹೋಗಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಹಾಕಿದ ಅವರನ್ನು ಮದರಾಸಿನ ಸಂಗೀತ ಅಕಾಡೆಮಿಯು ಸಂಗೀತ ಕಲಾನಿಧಿಯೆಂದು ಗೌರವಿಸಿತು. ಮೈಸೂರು ಅವರನ್ನು ಹೊರಗಿನವರೆಂದು ಹಿಂದಕ್ಕೆ ಕಳುಹಿಸಿದ್ದರೆ ನಷ್ಟ ಯಾರಿಗೆ? ಅಂದಿನ ಮೈಸೂರು ನೆರೆಯ ಭಾಷೆಯ ಉಪಾಧ್ಯಾಯನಿಗೆ ಕೊಟ್ಟ ಕುರ್ಚಿಯನ್ನು ಇಂದಿನ ಕರ್ನಾಟಕವು ತನ್ನದೇ ಭಾಷೆಯ ಉಪಾಧ್ಯಾಯನಿಗೆ ಕೊಡಲಾರದೆ? ಅರಸರ ಕಾಲವೇ ಉದಾರವಾಗಿತ್ತೆಂದು ನಾವು ಹಾಡುತ್ತಿಲ್ಲ; ಅಂದು ಹೊರಗಿನವರಿಗೆ ಕೆಲಸ ಕೊಡುವುದರ ಮೇಲೆ ಮೈಸೂರಿನಲ್ಲಿ ಎಷ್ಟೋ ಜಗಳಗಳಾದವು. ಆದರೂ ಆ ಕುರ್ಚಿ ಅಲ್ಲಿತ್ತು.

ಇನ್ನು ಎದುರಾಳಿಗಳ ಬಲವಾದ ಮಾತನ್ನು ಎದುರಿಸಬೇಕು. ಅವರು ಹೇಳುವುದು: ಒಬ್ಬರೇ ಉಪಾಧ್ಯಾಯರಿರುವ ಕನ್ನಡ ಶಾಲೆಯಿಂದ ಆ ಒಬ್ಬರು ಹೋದರೆ ಶಾಲೆಯೇ ಹೋಗುತ್ತದೆ. ಇದು ಸುಳ್ಳಲ್ಲ. ನಾವು ಕಣ್ಣಾರೆ ಕಂಡಿದ್ದೇವೆ. ಮೇಷ್ಟರು ರಜೆಯ ಮೇಲೆ ಹೋದರು, ಬದಲಿಗೆ ಬಂದವರಿಗೆ ಕನ್ನಡ ಬಾರದು. ಮಕ್ಕಳು ತೆಲುಗು ತರಗತಿಯಲ್ಲಿ ಮೂಕರಂತೆ ಕುಳಿತರು. ಮುಂದಿನ ಜೂನಿನಲ್ಲಿ ತಂದೆತಾಯಿಗಳು ಅವರನ್ನು ಇಂಗ್ಲಿಷು ಶಾಲೆಯ ಹಳದಿ ಬಸ್ಸಿಗೆ ಹತ್ತಿಸಿದರು. ಒಮ್ಮೆ ಕಡಿಮೆಯಾದ ಹಾಜರಿ ಮತ್ತೆ ಏರಲಿಲ್ಲ. ಆದರೆ ಒಂದು ಭಾಷೆಯ ಭಾರವನ್ನೆಲ್ಲ ಒಬ್ಬ ಮೇಷ್ಟರ ಹೆಗಲ ಮೇಲೆ ಹೊರಿಸಿ, ಅವನು ಕುಸಿದಾಗ ಅವನನ್ನೇ ದ್ರೋಹಿಯೆನ್ನುವುದು ಯಾವ ನೀತಿ? ೧೯೮೦ರ ದಶಕದಲ್ಲಿ ತಿಂಗಳಿಗೆ ೩೯೮ ರೂಪಾಯಿಗೆ ದುಡಿದ ವಿಶೇಷ ಉಪಾಧ್ಯಾಯರನ್ನು ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಬಲ್ಲರು. ಆ ಮೇಷ್ಟರುಗಳು ಆ ಸಂಬಳದಿಂದಲೇ ಕರೆಸಿಕೊಂಡರು. ಅವರೂ ತ್ಯಾಗ ಮಾಡಿದರು. ಆ ತ್ಯಾಗದಿಂದ ಕನ್ನಡ ಶಾಲೆಗಳು ಹೆಚ್ಚಿದವೆ? ತ್ಯಾಗವು ಸರಕಾರಕ್ಕೆ ಅಗ್ಗವಾಗಿ ಸಿಗುವ ಸಾಮಗ್ರಿ. ಸಿಗುವಷ್ಟು ದಿನ ಅದು ಬೇರೇನನ್ನೂ ಕೊಳ್ಳುವುದಿಲ್ಲ.

ಒಂದು ಕಹಿಯಾದ ಮಾತು. ಪರದೇಶಕ್ಕೆ ಅರ್ಜಿ ಬರೆದವನನ್ನು ಹಳಿಯುವವರಲ್ಲಿ ಕೆಲವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಬಹಳ ಮಂದಿಯ ಮೊಮ್ಮಕ್ಕಳು ಇಂಗ್ಲಿಷು ಶಾಲೆಯಲ್ಲಿದ್ದಾರೆ. ನಮ್ಮ ಸಹೋದ್ಯೋಗಿಗಳಲ್ಲಿಯೂ ತಾವು ಕನ್ನಡದಲ್ಲಿ ಪಾಠ ಹೇಳಿ ತಮ್ಮ ಮಕ್ಕಳನ್ನು ಬೇರೆ ಕಡೆಗೆ ಕಳುಹಿಸುವವರು ಉಂಟು. ಅದು ಅವರವರ ಇಷ್ಟ. ನಾವು ಅದನ್ನು ಅಪರಾಧವೆನ್ನುವುದಿಲ್ಲ. ತಮ್ಮ ಮನೆಯವರಿಗೆ ಹೊಸಿಲು ದಾಟುವ ಸ್ವಾತಂತ್ರ್ಯವಿರಲಿ, ಬಡ ಮೇಷ್ಟರು ಮಾತ್ರ ಹೊಸಿಲಿಗೆ ಕಟ್ಟಿಹಾಕಿಕೊಂಡಿರಲಿ ಎನ್ನುವುದು ಮಾತ್ರ ಅನ್ಯಾಯ.

ತರುಣ ಮಿತ್ರರಿಗೂ ನಾವು ಹೊಗಳಿಕೆ ಹೇಳಲು ಬಂದಿಲ್ಲ. ದೂರದ ಬೆಟ್ಟ ನುಣ್ಣಗೆ. ಮೂವತ್ತು ದಾಟಿದ ಮೇಲೆ ಕೈಯಲ್ಲಿ ಬರಿಯ ಡಿ.ಎಡ್. ಪತ್ರವನ್ನು ಹಿಡಿದು ದಲ್ಲಾಳಿಯ ಮನೆ ಬಾಗಿಲಿಗೆ ಹೋಗುವುದಕ್ಕಿಂತ, ದೂರಶಿಕ್ಷಣದಿಂದಲಾದರೂ ಪದವಿಯನ್ನು ಮುಗಿಸಿ, ಇಂಗ್ಲಿಷನ್ನು ಪರೀಕ್ಷೆಗೆ ಸಾಲುವಷ್ಟು ಕಲಿತು, ಅನಂತರ ಯಾವ ದೇಶಕ್ಕಾದರೂ ನೇರವಾಗಿ ಶಾಲೆಗೇ ಅರ್ಜಿ ಬರೆಯುವುದು ಲೇಸು. ಹೋಗುವವರು ಹೋಗಲಿ, ಹಣ ಕಳೆದುಕೊಂಡು ಇಲ್ಲಿಯೇ ಉಳಿಯುವ ಗತಿ ಬೇಡ.

ಸಂಘವು ಏನು ಮಾಡಬಹುದು? ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಅತಿಥಿಗಳನ್ನು ಕರೆತಂದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವುದಕ್ಕೆ ಮಾಡುವ ವೆಚ್ಚದಲ್ಲಿ ಅರ್ಧವನ್ನು ತೆಗೆದಿಟ್ಟರೆ ಒಂದು ಚಿಕ್ಕ ಕೊಠಡಿಯಲ್ಲಿ ವಾರಕ್ಕೊಂದು ಸಂಜೆ ಅರ್ಜಿಯ ನೆರವಿನ ಕೇಂದ್ರವನ್ನು ನಡೆಸಬಹುದು. ಕಾಗದಗಳನ್ನು ತಿರುಗಿಸಿಕೊಡಲು ಇಂಗ್ಲಿಷು ಬಲ್ಲ ನಿವೃತ್ತ ಉಪಾಧ್ಯಾಯರು ನಮ್ಮಲ್ಲಿಯೇ ಇದ್ದಾರೆ. ಅವರಿಗೆ ಬೇಕಾದುದು ಒಂದು ಮೇಜು ಮತ್ತು ಒಂದು ದೀಪ. ಅದೇ ಕೇಂದ್ರದಲ್ಲಿ ಟೆಟ್ ಪರೀಕ್ಷೆಗೆ ಕನ್ನಡದ ಟಿಪ್ಪಣಿಗಳನ್ನು ಈ ಪತ್ರಿಕೆಯನ್ನು ತೆಗೆಯುವ ಯಂತ್ರದಲ್ಲಿಯೇ ತೆಗೆದು ಹಂಚಬಹುದು. ಬೆಂಗಳೂರಿನ ಅತಿಥಿಗಳು ಬಂದೇ ಬರುವರಾದರೆ ಅವರ ಕೈಗೆ ಹಾರದ ಜೊತೆಗೆ ಒಂದು ಮನವಿಯನ್ನೂ ಕೊಡೋಣ: ೧೯೫೩ರ ವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಮೂರು ತಾಲ್ಲೂಕುಗಳಲ್ಲಿಯೂ ಮಡಕಶಿರದಲ್ಲಿಯೂ ಕನ್ನಡ ಮಾಧ್ಯಮದಲ್ಲಿ ಓದಿದವರನ್ನು, ಕನ್ನಡ ಶಾಲೆಯ ಉಪಾಧ್ಯಾಯ ಹುದ್ದೆಯ ಮಟ್ಟಿಗಾದರೂ, ಒಳಗಿನವರೆಂದು ಎಣಿಸಬೇಕೆಂದು. ಅನಂತಪುರದ ಮತ್ತು ೨೦೨೨ರ ಏಪ್ರಿಲಿನಲ್ಲಿ ಮಡಕಶಿರವು ಸೇರಿದ ಶ್ರೀ ಸತ್ಯಸಾಯಿ ಜಿಲ್ಲೆಯ ಅಧಿಕಾರಿಗಳಿಗೆ ಇನ್ನೊಂದು ಮನವಿ: ಕನ್ನಡ ಶಾಲೆಯ ಉಪಾಧ್ಯಾಯರು ರಜೆ ಹೋದಾಗ, ವರ್ಗವಾದಾಗ, ನಿವೃತ್ತರಾದಾಗ ಕನ್ನಡ ಬಲ್ಲವರನ್ನಲ್ಲದೆ ಬೇರೆಯವರನ್ನು ಆ ಸ್ಥಳಕ್ಕೆ ಹಾಕಬಾರದೆಂದು. ಪ್ರತಿಯೊಂದು ಕನ್ನಡ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಹುದ್ದೆ, ಎಷ್ಟು ಖಾಲಿ ಎಂಬ ಪಟ್ಟಿಯನ್ನು ಆ ಮನವಿಗೆ ಲಗತ್ತಿಸಬೇಕು. ಪಟ್ಟಿಯನ್ನು ನಾವೇ ಮಾಡಬಲ್ಲೆವು. ಹತ್ತು ಮಂಡಲಗಳು, ಹತ್ತು ಮಂದಿ ಉಪಾಧ್ಯಾಯರು, ಎರಡು ಭಾನುವಾರಗಳ ಕೆಲಸ.

ಮುಂದಿನ ಮಹಾಸಭೆಯಲ್ಲಿ ಇವನ್ನು ಗೊತ್ತುವಳಿಗಳಾಗಿ ಮಂಡಿಸುವೆವು. ಅನುಮೋದಿಸುವವರು ತಮ್ಮ ಹೆಸರನ್ನೂ ಶಾಲೆಯ ಹೆಸರನ್ನೂ ಬರೆದು ಕಾರ್ಯದರ್ಶಿಗಳಲ್ಲಿ ಕೊಟ್ಟಿರಬೇಕು. ವಿರೋಧಿಸುವವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ, ಓದಿ ಉತ್ತರ ಕೊಡುವೆವು.